ಒಲೆಯ ಮುಂದಿನ ಪಾಠಶಾಲೆ

ಗಾಂಧೀಜಿಯವರ ಮಾತು ಬಂತೆಂದರೆ ನಮ್ಮ ಬೆಳಗಾವಿ ಜಿಲ್ಲೆಯವರು ಎರಡು ಸಂಗತಿಗಳನ್ನು ಅಭಿಮಾನದಿಂದ ನೆನೆಯುತ್ತಾರೆ. ಒಂದು, 1924ರ ಡಿಸೆಂಬರದಲ್ಲಿ ಅವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕೂಡಿದ ಕಾಂಗ್ರೆಸ್ ಅಧಿವೇಶನ. ಇನ್ನೊಂದು, 1937ರ ಏಪ್ರಿಲದಲ್ಲಿ ಗಂಗಾಧರರಾವ ದೇಶಪಾಂಡೆಯವರ ಹುದಲಿಯಲ್ಲಿ ನೆರೆದ ಗಾಂಧಿ ಸೇವಾ ಸಂಘದ ಸಮ್ಮೇಲನ. ನಮ್ಮ ಕಲ್ಲೋಳಿಯ ಕಟ್ಟೆಗಳ ಮೇಲೆ ಕುಳಿತ ಹಿರಿಯರ ಬಾಯಿಂದ ಇವೆರಡನ್ನೂ ನಾನು ಎಷ್ಟೋ ಸಲ ಕೇಳಿದ್ದೇನೆ. ಮೂರನೆಯದೊಂದು ಸಂಬಂಧವಿದೆ, ಅದನ್ನು ನೆನೆಯುವವರು ಕಡಿಮೆ. 1917ರಲ್ಲಿ ಬಿಹಾರದ ಚಂಪಾರಣ್ಯದ ಭಿತಿಹರವಾ ಎಂಬ ಹಳ್ಳಿಯಲ್ಲಿ ಹುಲ್ಲು ಹೊದಿಸಿದ ಒಂದು ಶಾಲೆ ಆರಂಭವಾಯಿತು. ಅದನ್ನು ನಡೆಸಿದವರಲ್ಲಿ ಒಬ್ಬರು ಬೆಳಗಾವಿಯ ವಕೀಲರಾದ ಸೋಮಣರು. ಇನ್ನೊಬ್ಬರು ಶಾಲೆಯ ಹೊಸ್ತಿಲನ್ನೇ ತುಳಿಯದೆ ಬೆಳೆದ, ತಮ್ಮ ಮಾತೃಭಾಷೆಯ ನಾಲ್ಕು ಸಾಲುಗಳನ್ನು ಬಹು ಪ್ರಯಾಸದಿಂದ ಬರೆಯಬಲ್ಲ ಒಬ್ಬ ಗೃಹಿಣಿ. ಆ ಗೃಹಿಣಿಯೇ ಕಸ್ತೂರಬಾ. ಅಕ್ಷರ ಬಾರದವರು ಶಾಲೆಯನ್ನು ನಡೆಸಿದ್ದು ಹೇಗೆ ಎಂಬ ಪ್ರಶ್ನೆ ನನ್ನ ಮನಸ್ಸಿನಲ್ಲಿ ಬಹಳ ದಿನಗಳಿಂದ ಕುಳಿತಿದೆ. ಅದಕ್ಕೆ ಉತ್ತರ ಬೇಕಾದರೆ ಅವರ ಅಡಿಗೆಮನೆಯನ್ನು ಹೊಕ್ಕು ನೋಡಬೇಕೆಂದು ನನಗೆ ತೋರಿದೆ.

ಕಸ್ತೂರಬಾ ಹುಟ್ಟಿದ್ದು 1869ರಲ್ಲಿ, ಕಾಠಿಯಾವಾಡದ ಪೋರಬಂದರದಲ್ಲಿ. ತಂದೆ ಗೋಕುಲದಾಸ ಮಾಕನಜಿ ಅನುಕೂಲಸ್ಥ ವ್ಯಾಪಾರಿ. ಆ ಕಾಲದ ಶ್ರೀಮಂತರ ಮನೆಯ ಹೆಣ್ಣುಮಗುವಿಗೆ ಕಲಿಸುತ್ತಿದ್ದುದನ್ನೆಲ್ಲ ಅವರು ಕಲಿತರು: ನೀರು, ನಿಷ್ಠೆ, ವ್ರತ, ಉಪವಾಸ, ಬಡಿಸುವ ರೀತಿ, ಹಿರಿಯರೆದುರು ತಲೆ ತಗ್ಗಿಸುವ ರೀತಿ. ಅಕ್ಷರವೊಂದನ್ನು ಬಿಟ್ಟು. ಹದಿಮೂರನೆಯ ವಯಸ್ಸಿನಲ್ಲಿ ತಮ್ಮದೇ ವಯಸ್ಸಿನ ಮೋಹನದಾಸನನ್ನು ಕೈ ಹಿಡಿದರು. ಬಾಲಪತಿಗೆ ಹೆಂಡತಿಯನ್ನು ಓದಿಸಬೇಕೆಂಬ ಹಂಬಲವೇನೋ ಇತ್ತು. ಆದರೆ ಹಿರಿಯರಿಂದ ತುಂಬಿದ ಮನೆಯಲ್ಲಿ ಹಗಲು ಹೊತ್ತು ಹೆಂಡತಿಯೊಡನೆ ಮಾತಾಡುವುದೇ ಮರ್ಯಾದೆಗೇಡು. ರಾತ್ರಿಯ ಪಾಠ ಪಾಠವಾಗಿ ಉಳಿಯಲಿಲ್ಲವೆಂದು ಗಂಡನೇ ಮುಂದೆ ತನ್ನ ಆತ್ಮಕಥೆಯಲ್ಲಿ ನಾಚಿಕೆಯಿಂದ ಒಪ್ಪಿಕೊಂಡಿದ್ದಾನೆ. ಹೀಗೆ ಅವರ ವಿದ್ಯಾಭ್ಯಾಸದ ಮೊದಲ ಅಧ್ಯಾಯ ಮುಗಿಯಿತು. ಮೊದಲ ಕೂಸು ಹುಟ್ಟಿ ಕೆಲವೇ ದಿನಗಳಲ್ಲಿ ತೀರಿಹೋಯಿತು. 1888ರಲ್ಲಿ ಹರಿಲಾಲ ಹುಟ್ಟಿದನು. ಅದೇ ವರುಷ ಗಂಡ ಬ್ಯಾರಿಸ್ಟರ್ ಪರೀಕ್ಷೆಗೆಂದು ವಿಲಾಯತಿಗೆ ಹೊರಟರು. 1892ರಲ್ಲಿ ಮಣಿಲಾಲ. ಮರುವರುಷವೇ ಗಂಡ ಆಫ್ರಿಕದ ಹಡಗು ಹತ್ತಿದರು. ಮದುವೆಯಾದ ಮೊದಲ ಹದಿಮೂರು ವರುಷಗಳಲ್ಲಿ ಈ ದಂಪತಿಗಳು ಕೂಡಿ ಬಾಳಿದ ಕಾಲವನ್ನು ಲೆಕ್ಕ ಹಾಕಿದರೆ ಅದು ಅರ್ಧದಷ್ಟೂ ಆಗಲಿಕ್ಕಿಲ್ಲ.

1897ರ ಜನೆವರಿಯಲ್ಲಿ ಬಾ ತಮ್ಮ ಇಬ್ಬರು ಮಕ್ಕಳನ್ನೂ ವಿಧವೆ ನಾದಿನಿಯ ಮಗನೊಬ್ಬನನ್ನೂ ಕರೆದುಕೊಂಡು ಗಂಡನ ಜೊತೆಯಲ್ಲಿ ಡರ್ಬನ್ನಿನ ಬಂದರಿನಲ್ಲಿ ಇಳಿದರು. ಆಗಿನ್ನೂ ಗಾಂಧಿಯವರು ಸರಳಜೀವನದ ಗಾಂಧಿಯಲ್ಲ. ನಾಗರಿಕರಾಗಿ ಕಾಣಬೇಕೆಂದು ಹೆಂಡತಿಗೆ ಪಾರಸೀ ರೀತಿಯ ಸೀರೆ, ಕಾಲಿಗೆ ಬೂಟು, ಮಕ್ಕಳಿಗೆ ಕಾಲುಚೀಲ, ಊಟಕ್ಕೆ ಚಾಕು-ಮುಳ್ಳು. ಬೂಟು ಕಾಲು ಕಚ್ಚಿತು, ಕಾಲುಚೀಲ ಬೆವರಿ ನಾತ ಹೊಡೆಯಿತು. ಕೆಲವು ವರುಷಗಳ ತರುವಾಯ ಅದೇ ಯಜಮಾನರು ಅವೆಲ್ಲವನ್ನೂ ಬಿಡಬೇಕೆಂದು ಅಷ್ಟೇ ಬಲವಂತ ಮಾಡಿದರೆಂಬುದನ್ನು ನೆನೆದಾಗ ಬಾ ಅವರ ತಾಳ್ಮೆಯನ್ನು ಕುರಿತು ನನಗೆ ಸೋಜಿಗವೆನಿಸುತ್ತದೆ.

ಮಕ್ಕಳ ಓದಿನ ಪ್ರಶ್ನೆ ಡರ್ಬನ್ನಿನಲ್ಲಿ ಮೊದಲ ದಿನವೇ ಎದ್ದಿತು. ಬಿಳಿಯರ ಮಕ್ಕಳ ಶಾಲೆಗಳಲ್ಲಿ ಭಾರತೀಯರ ಮಕ್ಕಳಿಗೆ ಪ್ರವೇಶವಿರಲಿಲ್ಲ. ಬ್ಯಾರಿಸ್ಟರರ ಮಕ್ಕಳೆಂದು ಇವರಿಗೆ ದಾಕ್ಷಿಣ್ಯಕ್ಕೆ ಬಾಗಿಲು ತೆರೆಯಬಹುದಾಗಿತ್ತು. ಬೇರೆ ಭಾರತೀಯ ಮಕ್ಕಳಿಗಿಲ್ಲದ ದಾಕ್ಷಿಣ್ಯ ತಮ್ಮ ಮಕ್ಕಳಿಗೂ ಬೇಡವೆಂದು ಗಾಂಧಿಯವರು ಬಿಟ್ಟರು. ಮಿಶನರಿ ಶಾಲೆಗಳಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ, ತಾಯ್ನುಡಿಗೆ ಸ್ಥಾನವಿಲ್ಲ. ಕೊನೆಗೆ ತಿಂಗಳಿಗೆ 7 ಪೌಂಡಿನಂತೆ ಒಬ್ಬ ಆಂಗ್ಲ ಶಿಕ್ಷಕಿಯನ್ನು ಗೊತ್ತುಮಾಡಿದರು. ಗುಜರಾತಿಯನ್ನು ತಾವೇ ಕಲಿಸುವುದಾಗಿ ನಿಶ್ಚಯಿಸಿದರು. ಆದರೆ ಕಕ್ಷಿಗಾರರು, ಅರ್ಜಿಗಳು, ಸಭೆಗಳು ಇವುಗಳ ನಡುವೆ ತಂದೆಗೆ ಬಿಡುವು ಎಲ್ಲಿ? ಮಕ್ಕಳ ನಿಜವಾದ ಭಾಷಾಗುರು ಅಡಿಗೆಮನೆಯಲ್ಲಿದ್ದ ತಾಯಿ. ಅವರಿಗೆ ಇಂಗ್ಲಿಷು ಬಾರದು. ಆದುದರಿಂದಲೇ ಮನೆಯಲ್ಲಿ ಗುಜರಾತಿ ಉಳಿಯಿತೆಂದು ಹೇಳಿದರೆ ತಪ್ಪಾಗಲಾರದು. 1898ರಲ್ಲಿ ರಾಮದಾಸ, 1900ರಲ್ಲಿ ದೇವದಾಸ ಹುಟ್ಟಿದರು. ದೇವದಾಸನ ಹೆರಿಗೆಯ ಹೊತ್ತಿಗೆ ವೈದ್ಯರಾಗಲಿ ಸೂಲಗಿತ್ತಿಯಾಗಲಿ ಬರುವ ಮೊದಲೇ ನೋವು ತೀವ್ರವಾಗಲು, ಪುಸ್ತಕ ಓದಿ ಸಿದ್ಧರಾಗಿದ್ದ ಗಂಡನೇ ಸೂಲಗಿತ್ತಿಯಾದರು.

1904ರ ಕೊನೆಯಲ್ಲಿ ಬಾ ಎರಡನೆಯ ಸಲ ಆಫ್ರಿಕಕ್ಕೆ ಬಂದಾಗ ಸಂಸಾರ ನೆಲೆಸಿದ್ದು ಜೋಹಾನ್ಸ್‌ಬರ್ಗಿನಲ್ಲಿ. ಹಿರಿಯ ಮಗ ಹರಿಲಾಲ ಊರಲ್ಲೇ ಉಳಿದನು. ಈ ಮನೆಯೇ ನಾನು ಹೇಳಹೊರಟ ಪಾಠಶಾಲೆಯ ಮೊದಲ ಕಟ್ಟಡ. ಅಷ್ಟರಲ್ಲಿ ಗಾಂಧಿಯವರ ಕೈಗೆ ರಸ್ಕಿನ್ನನ ಪುಸ್ತಕ ಬಂದಿತ್ತು; ಜರ್ಮನಿಯ ಕೂನೆಯ ಆಹಾರವಿಚಾರವೂ ತಲೆಯನ್ನು ಹೊಕ್ಕಿತ್ತು. ಪೇಟೆಯ ಬಿಳಿಯ ರೊಟ್ಟಿ ನಿಷೇಧವಾಯಿತು. ತೌಡು ತೆಗೆಯದ ಗೋದಿಯ ಹಿಟ್ಟಿನಿಂದ, ಹುಳಿ ಬರಿಸದೆ, ಮನೆಯಲ್ಲಿಯೇ ರೊಟ್ಟಿ ಸುಡಬೇಕು. ಗಿರಣಿಯ ಹಿಟ್ಟು ಬೇಡ. ಆದುದರಿಂದ 7 ಪೌಂಡು ಕೊಟ್ಟು ಒಂದು ಕೈಗಿರಣಿಯನ್ನು ತಂದರು. ಅದರ ಕಬ್ಬಿಣದ ಚಕ್ರ ಒಬ್ಬನಿಗೆ ಭಾರ, ಇಬ್ಬರಿಗೆ ಹಗುರ. ಗಾಂಧಿ, ಅವರ ಮನೆಯಲ್ಲೇ ಇರುತ್ತಿದ್ದ ಪೋಲಕ್ ಎಂಬ ಆಂಗ್ಲ ಮಿತ್ರ, ಮಕ್ಕಳು, ಎಲ್ಲರೂ ಪಾಳಿಯ ಮೇಲೆ ಬೀಸುವುದು. ಬಾ ಕೂಡ ಆಗಾಗ ಕೈ ಕೊಡುತ್ತಿದ್ದರು; ಆದರೆ ಬೀಸುವ ಹೊತ್ತೇ ಅವರು ಒಲೆ ಹೊತ್ತಿಸುವ ಹೊತ್ತು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಗೋಕಾಕ-ಹುಕ್ಕೇರಿಯ ಕಡೆಯವರಿಗೆ ಬೀಸುಕಲ್ಲು ಹೊಸ ಪ್ರಯೋಗವಲ್ಲ. ಹಿಟ್ಟಿನ ಗಿರಣಿಗಳು ಹಳ್ಳಿಗೆ ಬರುವ ತನಕ ಕೋಳಿ ಕೂಗುವ ಮುನ್ನ ಎದ್ದು ಇಬ್ಬರು ಎದುರುಬದುರಾಗಿ ಕುಳಿತು ಒಂದೇ ಗೂಟಕ್ಕೆ ಕೈ ಹಚ್ಚಿ ಜೋಳ ಬೀಸುವುದು ಮನೆಮನೆಯ ಕಾಯಕವಾಗಿತ್ತು. ಗರತಿಯರ ತ್ರಿಪದಿಗಳು ಬೆಳೆದದ್ದು ಆ ಕಲ್ಲಿನ ಮುಂದೆಯೇ. ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ ಕೂಸು ಕಲ್ಲಿನ ಗರಗರ ಸಪ್ಪಳದೊಡನೆ ಮಲ್ಲಯ್ಯನನ್ನೂ ತವರುಮನೆಯನ್ನೂ ತಿಂಗಳು-ಮಳೆಗಳ ಲೆಕ್ಕವನ್ನೂ ಕಲಿಯುತ್ತಿತ್ತು. ಅದನ್ನು ಯಾರೂ ಶಾಲೆಯೆಂದು ಕರೆಯಲಿಲ್ಲ. ಹೊಟ್ಟಿನ ಸಮೇತ ತಿಂದರೆ ಮೈಗೆ ಒಳ್ಳೆಯದೆಂದು ಯಾವ ಜರ್ಮನ್ ಪಂಡಿತನೂ ನಮ್ಮ ಹೆಂಗಸರಿಗೆ ಹೇಳಬೇಕಾಗಿರಲಿಲ್ಲ. ಬಾ ಅವರಿಗೂ ಇದು ಹೊಸತಾಗಿ ತೋರಿರಲಿಕ್ಕಿಲ್ಲವೆಂದೇ ನನ್ನ ಊಹೆ. ಬ್ಯಾರಿಸ್ಟರರೂ ಆಂಗ್ಲ ಮಿತ್ರರೂ ಗಿರಣಿಗೆ ಕೈ ಹಚ್ಚಿದ್ದೊಂದೇ ಅಲ್ಲಿಯ ಹೊಸತು. ಗಂಡಸು ಬೀಸಿದ ಕೂಡಲೇ ಅದು ಪ್ರಯೋಗವಾಯಿತು!

ಮಕ್ಕಳ ಪಾಠವೂ ಇದೇ ರೀತಿಯದು. ಮನೆಯಿಂದ ಕಚೇರಿಗೆ ಹೋಗಿಬರುವುದು ಐದು ಮೈಲಿನ ನಡಿಗೆ. ಗಾಂಧಿಯವರು ಮಕ್ಕಳನ್ನು ಜೊತೆಗೆ ಕರೆದೊಯ್ದು ದಾರಿಯುದ್ದಕ್ಕೂ ಗುಜರಾತಿಯಲ್ಲಿ ಮಾತಿನ ಪಾಠ ಹೇಳುತ್ತಿದ್ದರು. ಇಂಗ್ಲಿಷನ್ನು ಚಿಕ್ಕಂದಿನಲ್ಲೇ ಕಲಿಸಿದರೆ ಮಕ್ಕಳು ಲೋಕದ ಓಟದಲ್ಲಿ ಮುಂದಾಗುತ್ತಾರೆಂದು ಪೋಲಕರು ವಾದಿಸುವರು. ತಾಯ್ನುಡಿಯನ್ನು ಕಳೆದುಕೊಂಡವನು ದೇಶವನ್ನೇ ಕಳೆದುಕೊಂಡಂತೆಂದು ಗಾಂಧಿ ಉತ್ತರಿಸುವರು. ಈ ವಾದ ನಡೆದಾಗ ಬಾ ಏನು ಹೇಳಿದರೆಂದು ಯಾವ ಪುಸ್ತಕದಲ್ಲಿಯೂ ಬರೆದಿಲ್ಲ. ಅವರನ್ನು ಯಾರಾದರೂ ಕೇಳಿದರೋ ಇಲ್ಲವೋ!

1906ರಲ್ಲಿ ಸಂಸಾರ ಫೀನಿಕ್ಸಿಗೆ ಹೋಯಿತು. ಡರ್ಬನ್ನಿನಿಂದ 14 ಮೈಲು ದೂರದಲ್ಲಿ ಎರಡು ವರುಷದ ಹಿಂದೆ ಸಾವಿರ ಪೌಂಡಿಗೆ ಕೊಂಡ ನೂರು ಎಕರೆ ಭೂಮಿ ಅದು. ಒಂದು ಸಣ್ಣ ಒರತೆ, ಕೆಲವು ಮಾವು-ಕಿತ್ತಳೆಯ ಗಿಡಗಳು, ಎದೆಯೆತ್ತರದ ಹುಲ್ಲು, ಹುಲ್ಲಿನ ತುಂಬ ಹಾವುಗಳು. ಅಲ್ಲಿ ನೆಲೆಸಹೋದವರು ತಗಡಿನ ಮನೆಗಳನ್ನು ಕಟ್ಟಿಕೊಂಡು, ತಲೆಗೆ ಮೂರು ಎಕರೆಯಂತೆ ಭೂಮಿ ಹಂಚಿಕೊಂಡು, ‘ಇಂಡಿಯನ್ ಒಪೀನಿಯನ್’ ಪತ್ರಿಕೆಯ ಅಚ್ಚಿನ ಮನೆಯನ್ನು ಅಡವಿಯ ನಡುವೆ ಹೂಡಿದರು. ನಾಡು ಬಿಟ್ಟು ಕಾಡು ಕಡಿದು ನೆಲೆ ಮಾಡಿಕೊಂಡವರ ಕಥೆಗಳು ಅಮೇರಿಕದವರಲ್ಲಿ ಬಹಳವಾಗಿವೆ. ನಮ್ಮವರೂ ಹಾಗೆ ಬಾಳಿದ್ದುಂಟೆಂಬುದಕ್ಕೆ ಫೀನಿಕ್ಸೇ ಸಾಕ್ಷಿ. ಮಕ್ಕಳಿಗೆ ಅಗೆಯುವುದು, ನೀರು ಹೊರುವುದು, ಅಚ್ಚುಮೊಳೆ ಜೋಡಿಸುವುದು ಪಾಠ. ಉಳಿದ ವೇಳೆಯಲ್ಲಿ ಅಕ್ಷರ. ಗಾಂಧಿಯವರು ಹೆಚ್ಚಾಗಿ ಜೋಹಾನ್ಸ್‌ಬರ್ಗಿನಲ್ಲಿ, ಇಲ್ಲವೆ ತುರಂಗದಲ್ಲಿ. ಫೀನಿಕ್ಸಿನ ಆ ತಗಡಿನ ಮನೆಯಲ್ಲಿ ಒಲೆಯನ್ನು ಆರಗೊಡದೆ ಕಾಯ್ದವರು ಬಾ.

ಅವರ ದೇಹ ಮಾತ್ರ ಅಷ್ಟು ಗಟ್ಟಿಯಾಗಿರಲಿಲ್ಲ. 1909ರ ಆರಂಭದ ಸುಮಾರಿಗೆ ರಕ್ತಸ್ರಾವದಿಂದ ಬಳಲಿದ ಅವರಿಗೆ ಡರ್ಬನ್ನಿನಲ್ಲಿ ಶಸ್ತ್ರಕ್ರಿಯೆಯಾಯಿತು. ನಿಶ್ಶಕ್ತಿಯ ಕಾರಣ ಮೂರ್ಛೆಯ ಔಷಧಿಯನ್ನು ಕೊಡದೆಯೇ ಕೊಯ್ದರು. ಗೋಮಾಂಸದ ಸಾರು ಕೊಡದಿದ್ದರೆ ಬದುಕುವುದಿಲ್ಲವೆಂದು ವೈದ್ಯರ ಹಟ. ಗಾಂಧಿಯವರು ನಿರ್ಣಯವನ್ನು ಹೆಂಡತಿಗೇ ಬಿಟ್ಟರು. ಎದ್ದು ಕೂಡ್ರುವ ಶಕ್ತಿಯೂ ಇಲ್ಲದ ಆ ಹೆಣ್ಣುಮಗಳು, ಸಾಯುವುದಾದರೆ ಗಂಡನ ತೊಡೆಯ ಮೇಲೆ ಸಾಯುವೆನು, ಆ ಸಾರು ಮಾತ್ರ ಬೇಡವೆಂದು ತಿಳಿಸಿದರು. ಜಿನುಗುವ ಮಳೆಯಲ್ಲಿ ಅವರನ್ನು ಜೋಲಿಯಲ್ಲಿ ಹೊತ್ತು ಸ್ಟೇಶನ್ನಿನಿಂದ ಎರಡೂವರೆ ಮೈಲು ದೂರದ ಫೀನಿಕ್ಸಿಗೆ ತಂದರು. ಬದುಕಿದರು. ಮುಂದೆ ಕೆಲವು ದಿನಗಳಿಗೆ ಬೇನೆ ಮರುಕಳಿಸಿದಾಗ ಉಪ್ಪು ಮತ್ತು ಬೇಳೆಗಳನ್ನು ಬಿಡೆಂದು ಗಂಡನ ಸಲಹೆ. ಇದನ್ನು ನೀವಾದರೂ ಬಿಡಲಾರಿರಿ ಎಂದು ಬಾ ನಕ್ಕರು. ಆ ಕ್ಷಣವೇ ಗಾಂಧಿಯವರು ಒಂದು ವರುಷ ಎರಡನ್ನೂ ಬಿಟ್ಟೆನೆಂದು ಸಾರಿಬಿಟ್ಟರು. ಬಾ ಕಣ್ಣೀರಿಟ್ಟು, ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವೆನೆಂದರೂ ಕೇಳಲಿಲ್ಲ. ಬೇಳೆಯಿಲ್ಲದ, ಉಪ್ಪಿಲ್ಲದ ಅಡಿಗೆ ಮಾಡಿ ಬಡಿಸಬೇಕಾದವರ ಸಂಕಟವನ್ನು ನಮ್ಮ ತಾಯಂದಿರೇ ಬಲ್ಲರು. ಈ ಪ್ರಸಂಗವನ್ನು ಗಾಂಧಿಯವರು ತಮ್ಮ ಬಾಳಿನ ಮಧುರ ನೆನಪುಗಳಲ್ಲಿ ಒಂದೆಂದು ಎಣಿಸುತ್ತಿದ್ದರು. ಬಾ ಅವರಿಗೂ ಅಷ್ಟೇ ಮಧುರವಾಗಿತ್ತೇ ಎಂಬ ಸಂದೇಹ ನನಗೆ ಇದ್ದೇ ಇದೆ.

1910ರಲ್ಲಿ ಕ್ಯಾಲೆನ್‌ಬಾಕ್ ಎಂಬ ವಾಸ್ತುಶಿಲ್ಪಿ ಮಿತ್ರರು ಜೋಹಾನ್ಸ್‌ಬರ್ಗಿನಿಂದ 21 ಮೈಲು ದೂರದಲ್ಲಿ 1100 ಎಕರೆಯ ತೋಟವನ್ನು ಸತ್ಯಾಗ್ರಹಿಗಳ ಕುಟುಂಬಗಳಿಗಾಗಿ ಬಿಟ್ಟುಕೊಟ್ಟರು. ಅದಕ್ಕೆ ಟಾಲ್‌ಸ್ಟಾಯ್ ಫಾರ್ಮ್ ಎಂದು ಹೆಸರಾಯಿತು. ಕಿತ್ತಳೆ, ಜರ್ದಾಳು, ಪ್ಲಮ್ ಗಿಡಗಳು ಸಾವಿರದಷ್ಟು. ಗುಜರಾತಿ, ತಮಿಳು, ತೆಲುಗು, ಹಿಂದಿ ಆಡುವ ಹಿಂದು, ಮುಸಲ್ಮಾನ, ಕ್ರೈಸ್ತ, ಪಾರಸೀ ಜನ ಅಲ್ಲಿ ಒಂದಾದರು. ಎಲ್ಲರಿಗೂ ಒಂದೇ ಅಡಿಗೆಮನೆ, ಒಂದೇ ಪಂಕ್ತಿ. ಮಾಂಸ ತಿನ್ನುವ ಹಕ್ಕುಳ್ಳವರು ತಾವಾಗಿಯೇ ಶಾಕಾಹಾರಕ್ಕೆ ಒಪ್ಪಿಕೊಂಡರು. ಬೆಳಿಗ್ಗೆ ಮನೆಯಲ್ಲಿ ಸುಟ್ಟ ರೊಟ್ಟಿ ಮತ್ತು ಹುರಿದ ಗೋದಿಯನ್ನು ಕುಟ್ಟಿ ಕುದಿಸಿದ ಕಾಫಿ. ಹನ್ನೊಂದಕ್ಕೆ ಅನ್ನ, ಬೇಳೆ, ಪಲ್ಯ. ಸಂಜೆ ಹೊತ್ತು ಮುಳುಗುವ ಮುನ್ನ ಗೋದಿಯ ಗಂಜಿ ಹಾಲು. ತೋಟದ ಕಿತ್ತಳೆಯ ಮುರಬ್ಬ. ತಾವೇ ಕೆತ್ತಿದ ಕಟ್ಟಿಗೆಯ ಚಮಚೆ. ತಿಂದ ಪಾತ್ರೆಯನ್ನು ತಾವೇ ಬೆಳಗಬೇಕು. ಕ್ಯಾಲೆನ್‌ಬಾಕರು ಟ್ರ್ಯಾಪಿಸ್ಟ್ ಸನ್ಯಾಸಿಗಳ ಮಠಕ್ಕೆ ಹೋಗಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದು ಎಲ್ಲರಿಗೂ ಕಲಿಸಿದರು. ಬಡಿಗತನವನ್ನೂ ಅವರೇ ಕಲಿಸಿದರು. ಅಕ್ಷರದ ಪಾಠ ಮಾತ್ರ ಮಧ್ಯಾಹ್ನದ ಊಟದ ಮೇಲೆ. ಬೆಳಗಿನಿಂದ ದುಡಿದು ಬಂದ ಮಕ್ಕಳಿಗೂ ಗುರುಗಳಿಗೂ ಸಮನಾಗಿ ತೂಕಡಿಕೆ. ಕಣ್ಣಿಗೆ ನೀರು ಚಿಮುಕಿಸಿಕೊಂಡು ಪಾಠ ನಡೆಸುವರು. ರಮಜಾನಿನ ತಿಂಗಳಲ್ಲಿ ಮುಸಲ್ಮಾನ ಹುಡುಗರು ಉಪವಾಸವಿದ್ದರೆ ಉಳಿದ ಹುಡುಗರೂ ಜೊತೆಗೆ ಹಗಲೆಲ್ಲ ಉಪವಾಸವಿದ್ದು, ಸಂಜೆ ಕೂಡಿ ಉಣ್ಣುವರು. ಆ ಒಂದು ತಿಂಗಳ ಅಡಿಗೆ ಕಲಿಸಿದ್ದನ್ನು ಕಲಿಸಬಲ್ಲ ಪಠ್ಯಪುಸ್ತಕ ಇನ್ನೂ ಬರೆಯಲ್ಪಟ್ಟಿಲ್ಲವೆಂದು ನನಗೆ ಅನ್ನಿಸುತ್ತದೆ.

ಇನ್ನು ಹರಿಲಾಲನ ವಿಷಯ. ಇದನ್ನು ಬಿಟ್ಟು ಬಾ ಅವರ ಜೀವನವನ್ನು ಬರೆಯುವುದು ಸುಲಭ. ಹಲವರು ಹಾಗೆ ಬರೆದೂ ಇದ್ದಾರೆ. ಆದರೆ ಅದು ನ್ಯಾಯವಲ್ಲ. ಹರಿಲಾಲ ಬುದ್ಧಿವಂತ, ಧೈರ್ಯಶಾಲಿ. ಟ್ರಾನ್ಸ್‌ವಾಲಿನ ಸತ್ಯಾಗ್ರಹದಲ್ಲಿ ಮೇಲಿಂದ ಮೇಲೆ ತುರಂಗ ಸೇರಿ, ಜನರಿಂದ ಚಿಕ್ಕ ಗಾಂಧಿ ಎನ್ನಿಸಿಕೊಂಡನು. ಅವನಿಗೆ ಬೇಕಾಗಿದ್ದುದು ತಂದೆಗೆ ದೊರೆತಂಥ ಓದು. ವಿಲಾಯತಿಗೆ ಒಬ್ಬ ತರುಣನನ್ನು ಕಳಿಸುವ ವಿದ್ಯಾರ್ಥಿವೇತನ ಒದಗಿದಾಗ ತಂದೆ ಅದನ್ನು ಮಗನಿಗೆ ಕೊಡದೆ ಬೇರೆಯವರಿಗೆ ಕೊಟ್ಟರು. 1911ರಲ್ಲಿ ಅವನು ಹೇಳದೆ ಕೇಳದೆ ಮನೆಯಿಂದ ಹೊರಟುಹೋದನು, ಹಿಂದಕ್ಕೆ ಕರೆತಂದರು, ಮತ್ತೆ ಹೊರಟನು. ಅಹಮದಾಬಾದಿಗೆ ಬಂದು, ಮೀಸೆ ಬಂದ ವಯಸ್ಸಿನಲ್ಲಿ, ಹೆಂಡತಿ-ಮಕ್ಕಳಿರುವಾಗ, ಚಿಕ್ಕ ಹುಡುಗರ ಸಾಲಿನಲ್ಲಿ ಕುಳಿತು ಮೆಟ್ರಿಕ್ಯುಲೇಶನ್ ಪರೀಕ್ಷೆಗೆ ಓದಿದನು. ಮತ್ತೆ ಮತ್ತೆ ನಪಾಸಾದನು. 1918ರಲ್ಲಿ ಹೆಂಡತಿ ಇನ್‌ಫ್ಲುಯೆಂಜಾದಿಂದ ತೀರಿಕೊಂಡಳು. ಅಲ್ಲಿಂದ ಮುಂದೆ ಮದ್ಯ, ಸಾಲ, ಅಲೆದಾಟ.

ಅದೇ ಮನೆಯಲ್ಲಿ ಅದೇ ರೊಟ್ಟಿ ತಿಂದು ಬೆಳೆದ ಮಣಿಲಾಲರು ಯಾವ ಪದವಿಯೂ ಇಲ್ಲದೆ ಫೀನಿಕ್ಸಿನಲ್ಲಿ ನಿಂತು 1956ರಲ್ಲಿ ತೀರಿಕೊಳ್ಳುವ ತನಕ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯನ್ನು ನಡೆಸಿದರು. ದೇವದಾಸರು ದಿಲ್ಲಿಯ ‘ಹಿಂದುಸ್ಥಾನ್ ಟೈಮ್ಸ್’ ಪತ್ರಿಕೆಯ ಸಂಪಾದಕರಾದರು. ಹಾಗಾದರೆ ಮನೆಯ ಶಾಲೆ ಗೆದ್ದಿತೋ ಸೋತಿತೋ? ಪಾಠಕ್ರಮವನ್ನು ದೂರುವಂತಿಲ್ಲ, ಕೈಗಿರಣಿಯನ್ನಂತೂ ದೂರಲಾಗದು. ಮನೆಯಲ್ಲಿ ಕಲಿಸುವೆನೆಂದು ವ್ರತ ತೊಟ್ಟ ಗುರುವಿಗೆ ಬಿಡುವಿರಲಿಲ್ಲ. ಹಿರಿಯ ಮಗನಿಗೆ ಎಲ್ಲರಿಗಿಂತ ಕಡಿಮೆ ಬಿಡುವು ಸಿಕ್ಕಿತು. ಮಕ್ಕಳ ಅಕ್ಷರಜ್ಞಾನಕ್ಕೆ ಸಾಕಷ್ಟು ಸಮಯ ಕೊಡಲಾಗಲಿಲ್ಲವೆಂದು ಗಾಂಧಿಯವರೇ ಬರೆದಿದ್ದಾರೆ. ಅವರು ಅದಕ್ಕಾಗಿ ಪೂರ್ತಿ ಪಶ್ಚಾತ್ತಾಪ ಪಡಲಿಲ್ಲ. ತಾಯಿಗೆ ಮಾತ್ರ ಅದರ ಫಲವನ್ನು ಕಡೆಯ ತನಕ ಉಣ್ಣಬೇಕಾಯಿತು. 1936ರಲ್ಲಿ ಹರಿಲಾಲ ಮತಾಂತರವಾದಾಗ, ಕೆಲ ತಿಂಗಳಿಗೆ ಮರಳಿ ಹಿಂದುವಾದಾಗ, ದೇಶದ ಪತ್ರಿಕೆಗಳೆಲ್ಲ ಅದನ್ನು ಆಡಿಕೊಂಡವು. ಒಮ್ಮೆ ಗಾಂಧಿ ದಂಪತಿಗಳಿದ್ದ ರೈಲು ಕಟನಿ ಸ್ಟೇಶನ್ನಿನಲ್ಲಿ ನಿಂತಿತು. ಜನರೆಲ್ಲ ಮಹಾತ್ಮರಿಗೆ ಜಯಕಾರ ಹಾಕುತ್ತಿದ್ದರೆ ಒಂದು ಕಂಠ ಮಾತ್ರ ಬಾ ಅವರ ಹೆಸರಿಗೆ ಜಯಕಾರ ಹಾಕಿತು. ನೋಡಿದರೆ ಹರಿಲಾಲ, ಹರಕು ಬಟ್ಟೆ, ಬಿದ್ದ ಹಲ್ಲು. ಜೇಬಿನಿಂದ ಒಂದು ಕಿತ್ತಳೆಯನ್ನು ತೆಗೆದು ತಾಯಿಗೆ ಕೊಟ್ಟನು. ಇದು ತಂದೆಗಲ್ಲ, ನೀನೇ ತಿನ್ನಬೇಕೆಂದು ಮಾತು ತೆಗೆದುಕೊಂಡನು. ರೈಲು ಹೊರಟಿತು. ಹೊರಟ ಮೇಲೆ ಬಾ ಅವರಿಗೆ ಎದೆ ಹೊಡೆದುಕೊಂಡಿತು: ತಮ್ಮ ಬುಟ್ಟಿಯಲ್ಲಿ ಹಣ್ಣುಗಳಿದ್ದುವು, ಹಸಿದ ಮಗನಿಗೆ ಒಂದನ್ನೂ ಕೊಡಲು ನೆನಪಾಗಿರಲಿಲ್ಲ. ಜೀವಮಾನವೆಲ್ಲ ಸಾವಿರಾರು ಅನ್ಯರ ಮಕ್ಕಳಿಗೆ ಬಡಿಸಿದ ಕೈ ಅದು.

ಮತ್ತೆ ಆಫ್ರಿಕಕ್ಕೆ ಬರೋಣ. 1913ರ ಮಾರ್ಚಿನಲ್ಲಿ ಅಲ್ಲಿಯ ನ್ಯಾಯಾಲಯ ಕ್ರೈಸ್ತವಿಧಿಯಲ್ಲದ ಮದುವೆಗಳು ಕಾಯಿದೆಗೆ ಸಲ್ಲವೆಂದು ತೀರ್ಪಿತ್ತಿತು. ತಾವು ಹೆಂಡತಿಯೇ ಅಲ್ಲವೆಂಬ ಮಾತನ್ನು ಕೇಳಿ ಬಾ ಸಿಟ್ಟಿಗೆದ್ದರು. ಸಪ್ಟೆಂಬರದಲ್ಲಿ ಫೀನಿಕ್ಸಿನಿಂದ ಹೊರಟ ಹದಿನಾರು ಜನರ ಮೊದಲ ತಂಡದಲ್ಲಿ ಅವರೂ ಮಗ ರಾಮದಾಸನೂ ಇದ್ದರು. ಮೂರು ತಿಂಗಳ ಸಶ್ರಮ ಶಿಕ್ಷೆ. ತುರಂಗದಲ್ಲಿಯೂ ಹಣ್ಣನ್ನಲ್ಲದೆ ಬೇರೇನನ್ನೂ ಮುಟ್ಟೆನೆಂದು ವ್ರತ ಹಿಡಿದು, ಹೊರಗೆ ಬಂದಾಗ ಎಲುಬಿನ ಹಂದರವಾಗಿದ್ದರು.

1915ರಲ್ಲಿ ತಾಯ್ನಾಡಿಗೆ ಮರಳಿ ಅಹಮದಾಬಾದಿನ ಕೋಚರಬದಲ್ಲಿ ಆಶ್ರಮ ಹೂಡಿದರು. ಅದೇ ವರುಷ ದೂದಾಭಾಯಿ ಎಂಬ ಅಸ್ಪೃಶ್ಯ ಶಿಕ್ಷಕರ ಕುಟುಂಬ ಆಶ್ರಮ ಸೇರಿತು. ದಾನಿಬೆನ್ ಅಡಿಗೆಮನೆಗೆ ಬಂದುದು ಬಾ ಅವರಿಗೆ ಸರಿಹೋಗಲಿಲ್ಲ. ಬಾಲ್ಯದಿಂದ ಕಲಿತ ಮಡಿ ಸುಲಭವಾಗಿ ಬಿಡುವಂಥದಲ್ಲ. ಇದನ್ನು ಮುಚ್ಚಿಡುವುದರಿಂದ ಅವರ ಹಿರಿಮೆ ಹೆಚ್ಚುವುದಿಲ್ಲ. ಆದರೆ ಆ ಒಲೆಯ ಮುಂದೆಯೇ ಅವರು ಬದಲಾದರು. ಆ ದಂಪತಿಗಳ ಮಗಳು ಲಕ್ಷ್ಮಿ ಕ್ರಮೇಣ ಬಾ ಅವರ ಮಡಿಲಿನಲ್ಲೇ ಬೆಳೆದಳು. ಗಂಡನ ಉಪದೇಶಕ್ಕಿಂತ ಆ ಕೂಸಿಗೆ ಉಣ್ಣಿಸಿದ ತುತ್ತುಗಳೇ ಹೆಚ್ಚು ಕೆಲಸ ಮಾಡಿರಬೇಕು.

ಈಗ ಭಿತಿಹರವಾ. ನೀಲಿ ಬೆಳೆಯ ದಬ್ಬಾಳಿಕೆಯಿಂದ ಬಳಲಿದ ಆ ಪ್ರದೇಶದಲ್ಲಿ ಗಾಂಧಿಯವರು ಹಳ್ಳಿಯ ಶಾಲೆಗಳನ್ನು ತೆರೆದಾಗ ಕಲಿಸಲು ಹೆಂಗಸರು ಬೇಕಾದರು. ವ್ಯಾಕರಣ, ಲೆಕ್ಕ ಇರಲಿ. ಮೊದಲು ಚೊಕ್ಕಟತನ ಮತ್ತು ಒಳ್ಳೆಯ ನಡತೆ ಕಲಿಸಿರೆಂದು ಅವರ ಸೂಚನೆ. ಬಾ ಅವರಿಗೆ ಹಿಂದಿಯೂ ಸರಿಯಾಗಿ ಬಾರದು. ಸೋಮಣರು ಮಕ್ಕಳಿಗೆ ಅಕ್ಷರ ಹೇಳಿದರೆ ಬಾ ಮನೆಮನೆ ಹೊಕ್ಕು ಹೆಂಗಸರಿಗೆ ಕೂಸು ತೊಳೆಯುವುದು, ಬಾವಿಯ ಸುತ್ತಲು ಸ್ವಚ್ಛವಿಡುವುದು ಮುಂತಾದುವನ್ನು ತೋರಿಸುವರು. ಒಂದು ರಾತ್ರಿ ಶಾಲೆಯ ಗುಡಿಸಲು ಸುಟ್ಟು ಬೂದಿಯಾಯಿತು. ಸಮೀಪದಲ್ಲಿಯೇ ನೀಲಿಯ ಕಾರಖಾನೆಯಿತ್ತು. ಬೆಂಕಿ ತಾನಾಗಿ ಬಿದ್ದುದಲ್ಲವೆಂದು ಸಂಶಯ. ನಮ್ಮ ಬೆಳಗಾವಿಯ ಸೋಮಣರು ಎದೆಗುಂದದೆ ಇಟ್ಟಿಗೆಯ ಕಟ್ಟಡಕ್ಕೆ ಕೈ ಹಚ್ಚಿದರು; ಅವರ ದುಡಿಮೆಯನ್ನು ನೋಡಿ ಊರವರೂ ಕೂಡಿದರು. ಸೋಮಣರ ತರುವಾಯ ಆ ಸ್ಥಾನಕ್ಕೆ ಬಂದವರೂ ಬೆಳಗಾವಿಯ ಕಡೆಯವರೇ, ಪುಂಡಲೀಕ ಕಾತಗಡೆಯವರು. ಅಲ್ಲಿಯೇ ಒಂದು ದಿನ ಬಾ ಒಬ್ಬ ಹೆಂಗಸಿಗೆ ಸೀರೆಯನ್ನೇಕೆ ಒಗೆಯುವುದಿಲ್ಲವೆಂದು ಕೇಳಿದರು. ಅವಳು ಬಾ ಅವರನ್ನು ಗುಡಿಸಲೊಳಗೆ ಕರೆದೊಯ್ದು ಬರಿದಾದ ಮೂಲೆಗಳನ್ನು ತೋರಿಸಿದಳು. ಇದ್ದುದು ಉಟ್ಟ ಒಂದೇ ಸೀರೆ. ಅದನ್ನು ಒಗೆದರೆ ಉಡುವುದೇನು? ಇನ್ನೊಂದು ಸೀರೆ ಕೊಡಿಸಲು ಮಹಾತ್ಮರಿಗೆ ಹೇಳು, ನಿತ್ಯ ಮಿಂದು ಮಡಿಯುಡುವೆನೆಂದಳು. ಕಲಿಸಹೋದವರು ಆ ದಿನ ಕಲ್ತು ಬಂದರು; ಗಾಂಧಿಯವರ ಆತ್ಮಕಥೆಯಲ್ಲಿ ಸೇರಿ ಆ ಪಾಠ ದೇಶಕ್ಕೆಲ್ಲ ತಿಳಿಯಿತು.

ಮರುವರುಷ ಗಾಂಧಿಯವರು ಆಮಶಂಕೆಯಿಂದ ಸಾವಿನ ಬಾಗಿಲಿಗೆ ಹೋಗಿದ್ದರು. ಹಾಲು ಕುಡಿಯದೆ ಶಕ್ತಿ ಬಾರದೆಂದು ಮುಂಬಯಿಯ ವೈದ್ಯರು ಹೇಳಿದರು. ಹಾಲು ಬಿಡುವ ವ್ರತವನ್ನು ಮುರಿಯೆನೆಂದು ರೋಗಿ ಹಟ ಹಿಡಿದರು. ವ್ರತ ತೊಟ್ಟಾಗ ಮನಸ್ಸಿನಲ್ಲಿದ್ದುದು ಆಕಳು-ಎಮ್ಮೆಗಳಲ್ಲವೆ, ಆಡಿನ ಹಾಲಿಗೇನು ಅಡ್ಡಿ ಎಂದು ಮಂಚದ ಬಳಿ ನಿಂತ ಬಾ ಸೂಚಿಸಿದರು. ಬ್ಯಾರಿಸ್ಟರರು ಹೊಳೆಯಿಸಲಾರದ ಕಾಯಿದೆಯ ಅರ್ಥವನ್ನು ಅಡಿಗೆಮನೆಯ ಯುಕ್ತಿ ಹೊಳೆಯಿಸಿತು. ಗಾಂಧಿಯವರ ಆಡು ಲೋಕಪ್ರಸಿದ್ಧವಾಯಿತು; ಅದನ್ನು ತಂದು ಕಟ್ಟಿದ ಬುದ್ಧಿ ಬಾ ಅವರದೆಂಬುದನ್ನು ಜನ ಮರೆತರು.

ಸಾಬರಮತಿ, ಸೇವಾಗ್ರಾಮಗಳ ವರುಷಗಳನ್ನು ನಾನು ವಿಸ್ತರಿಸುವುದಿಲ್ಲ. ಪಿಕೆಟಿಂಗ್, ತುರಂಗ, 1939ರ ರಾಜಕೋಟೆಯ ಸತ್ಯಾಗ್ರಹ ಇವೆಲ್ಲ ಇತಿಹಾಸದ ಪುಸ್ತಕಗಳಲ್ಲಿವೆ. 1942ರ ಆಗಸ್ಟ್ 9ರಂದು ಗಾಂಧಿಯವರ ಬಂಧನವಾದ ಮೇಲೆ ಮುಂಬಯಿಯ ಸಭೆಯಲ್ಲಿ ತಾವು ಮಾತಾಡುವೆನೆಂದು ಹೊರಟ ಬಾ ಅವರನ್ನೂ ಹಿಡಿದು ಪುಣೆಯ ಆಗಾಖಾನ್ ಅರಮನೆಗೆ ತಂದರು. ಬಂದ ಒಂದು ವಾರದೊಳಗೆ, ಆಗಸ್ಟ್ 15ರಂದು, ಮಗನಂತಿದ್ದ ಮಹಾದೇವ ದೇಸಾಯಿಯವರು ಅಲ್ಲಿ ತೀರಿಕೊಂಡರು.

ಆ ಸೆರೆಯ ದಿನಗಳಲ್ಲಿ ಗಾಂಧಿಯವರಿಗೆ ಜೀವನದಲ್ಲಿ ಮೊದಲ ಸಲ ಬಿಡುವು ದೊರೆಯಿತು. ಅರುವತ್ತು ವರುಷಗಳ ಹಿಂದೆ ನಿಂತುಹೋಗಿದ್ದ ಪಾಠವನ್ನು ಮತ್ತೆ ಆರಂಭಿಸಿದರು. ಎಪ್ಪತ್ತಮೂರರ ವಿದ್ಯಾರ್ಥಿನಿಗೆ ಅದೇ ವಯಸ್ಸಿನ ಗುರು. ಗುಜರಾತಿಯ ಓದು, ವ್ಯಾಕರಣ, ಭೂಗೋಲ, ಇತಿಹಾಸ. ಪ್ರಾಂತಗಳ, ಪಟ್ಟಣಗಳ ಹೆಸರುಗಳು ಬಾ ಅವರ ಬಾಯಲ್ಲಿ ಅದಲುಬದಲಾಗುವುವು. ರಾತ್ರಿ ಕಲಿತುದು ಬೆಳಿಗ್ಗೆ ಮರೆಯುವುದು. ಆದರೂ ಬಿಡದೆ ಕೂಡ್ರುವರು. ಬೇರೆಯವರ ಕೈಯಲ್ಲಿ ನೋಟುಬುಕ್ಕುಗಳನ್ನು ನೋಡಿ ತಮಗೂ ಒಂದು ಬೇಕೆಂದು ಕೇಳಿದರು. ಸದ್ಯಕ್ಕೆ ಬಿಡಿ ಹಾಳೆಗಳ ಮೇಲೆ ಬರೆ, ಅಕ್ಷರ ದುಂಡಗಾದ ಮೇಲೆ ನೋಟುಬುಕ್ಕು ಕೊಡಿಸುವೆನೆಂದು ಗಾಂಧಿಯವರು ಹೇಳಿಬಿಟ್ಟರು. ಕಾಗದ ಉಳಿಸುವ ಅವರ ಸ್ವಭಾವಕ್ಕೆ ಅದು ಸಹಜವಾದ ಮಾತು. ಬಾ ಅವರ ಮನಸ್ಸಿಗೆ ಅದು ತಾಗಿತು. ಆ ಮೇಲೆ ಸಂಗಡಿಗರು ನೋಟುಬುಕ್ಕು ತಂದುಕೊಟ್ಟರೂ ಅವರು ಅದರಲ್ಲಿ ಬರೆಯಲಿಲ್ಲ.

1944ರ ಫೆಬ್ರುವರಿ 22, ಶಿವರಾತ್ರಿ. ಹೃದಯದ ಬೇನೆಯಿಂದ ಬಹಳ ದಿನ ನರಳಿದ ಬಾ ಅಂದು ಸಂಜೆ ಗಂಡನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟರು. ಕೊನೆಯ ದಿನಗಳಲ್ಲಿ ಹರಿಲಾಲನೂ ಬಂದು ನೋಡಿ ಹೋಗಿದ್ದನು. ಗಾಂಧಿಯವರು ನೂತ ನೂಲಿನ ಸೀರೆಯನ್ನುಡಿಸಿ ಅರಮನೆಯ ಆವರಣದಲ್ಲಿಯೇ, ಮಹಾದೇವರ ಸಮಾಧಿಯ ಪಕ್ಕದಲ್ಲಿ, ಸಂಸ್ಕಾರ ಮಾಡಿದರು. ಅವರ ಹೆಸರಿನಲ್ಲಿ ದೇಶ ಒಂದು ಕೋಟಿಗೂ ಮಿಕ್ಕಿ ಹಣ ಕೂಡಿಸಿತು. ಅದರಿಂದ ಹಳ್ಳಿಯ ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ಕಸ್ತೂರಬಾ ಸ್ಮಾರಕ ನಿಧಿ ಆಯಿತು. ಕರ್ನಾಟಕದಲ್ಲಿ ಅದರ ಕೇಂದ್ರ ಅರಸೀಕೆರೆಯಲ್ಲಿ ನೆಲೆಗೊಂಡು, ಹಳ್ಳಿಯ ಹೆಣ್ಣುಮಕ್ಕಳು ಅಲ್ಲಿ ಗ್ರಾಮಸೇವಿಕೆಯರಾಗಿ ತರಬೇತಿ ಪಡೆದು, ತಮ್ಮ ತಮ್ಮ ಊರುಗಳಿಗೆ ಹೋಗಿ ಬಾಲವಾಡಿಗಳನ್ನು ತೆರೆದರು.